ಗಣೆಯ ಮುಂದೆ ಬರಿಗಾಲು

೧೯೭೯, ಅಕ್ಟೋಬರ್ ೯. ಹೊಳಲ್ಕೆರೆ
ಇವತ್ತೂ ಅದೇ ರಗಳೆ. ಶಿವಕುಮಾರಪ್ಪ ತನ್ನ ಆರ್ಕೆಸ್ಟ್ರಾಗೆ ತಂದ ಹೊಸ ರಿದಮ್ ಬಾಕ್ಸಿನ ಗುಂಡಿ ಒತ್ತಿದ. ಡಿಸ್ಕೊ ತಾಳ ತಾನಾಗಿಯೇ ಶುರು. ಮೇಲೆ ನನ್ನ ಎಲೆಕ್ಟ್ರಿಕ್ ಗಿಟಾರ್. ಕೇಳಿದರೆ ಯಾರದೋ ಎಂಜಲು. ಇದಕ್ಕೆ ಚಿಕ್ಕಪ್ಪನ ಗಣೆ ಸೇರಬೇಕು. ಆ ಉದ್ದನೆಯ ಬಿದಿರು ಕೊಳಲಿನ ದನಿ ಈ ತಾಳದ ಮೇಲೆ ಬಿದ್ದರೆ... ನಮ್ಮ ಗೊಲ್ಲರಹಟ್ಟಿಯ ಹೊರಗೆ ಅದನ್ನು ಕೇಳಿದವರಾದರೂ ಯಾರು?
"ಲೇ ಗೊಲ್ಲಪ್ಪ, ಕುರಿ ಕಾಯೋರ ಹಾಡಿಗೆ ಯಾರ್ ಕುಣೀತಾರೊ?" ಅಂದ ಶಿವಕುಮಾರಪ್ಪ.
ಮೈ ಉರಿಯಿತು. ಕೊನೆಗೆ ರಾಜ್ಯೋತ್ಸವಕ್ಕೆ ಒಂದು ಹಾಡು ಬಿಟ್ಟುಕೊಟ್ಟಿದ್ದಾನೆ. ಒಂದೇ. ಕೆಟ್ಟರೆ ಮತ್ತೆ ಕೇಳುವ ಹಾಗಿಲ್ಲ.

ಅಕ್ಟೋಬರ್ ೧೪
ಮತ್ತೋಡಿನ ಹತ್ತಿರ ನಮ್ಮ ಹಟ್ಟಿಗೆ ಹೋಗಿ ಬಂದೆ. ಚಿಕ್ಕಪ್ಪ ಚಿತ್ತಯ್ಯ ಒಪ್ಪಿದ! ಒಂದೇ ಷರತ್ತು.
"ಗಣೆ ಅಂದ್ರೆ ಜುಂಜಪ್ಪ ದೇವ್ರು ಕಣಪ್ಪ. ಅದರ ಮುಂದೆ ಕೆರ ಮೆಟ್ಕಂಡು ನಿಂತ್ರೆ ನಾನು ಎದ್ದು ಹೋಗ್ತೀನಿ."
ಚಪ್ಪಲಿ ಬಿಡುವುದು, ಅಷ್ಟೇ ತಾನೆ ಎಂದುಕೊಂಡೆ.

ಅಕ್ಟೋಬರ್ ೨೧
ಅಷ್ಟೇ ಅಲ್ಲ. ಪ್ರಾಕ್ಟೀಸ್ ರೂಮಿನಲ್ಲಿ ರಬ್ಬರ್ ಚಪ್ಪಲಿ ಬಿಟ್ಟು ಗಿಟಾರಿನ ತಂತಿ ಮುಟ್ಟಿದೆ — ಝುಂ ಅಂತ ಶಾಕ್. ಕಿರುಚಿಬಿಟ್ಟೆ. ಚಿಕ್ಕಪ್ಪ ಗಣೆಯನ್ನು ತುಟಿಯಿಂದ ತೆಗೆದ.
"ಜುಂಜಪ್ಪಗೆ ಮನಸಿಲ್ಲ. ನಡಿ, ಬಸ್ ಹತ್ತಿಸು."
"ದೇವರಲ್ಲ ಚಿಕ್ಕಪ್ಪ, ಕರೆಂಟು! ಅರ್ತ್ ಸರಿ ಇಲ್ಲ."
"ನಿನ್ ಕರೆಂಟಿಗೂ ಅವ್ನೇ ಒಡೆಯ. ಇನ್ನೊಂದ್ಸಾರಿ ಹಿಂಗಾದ್ರೆ ನಾನು ಬರಾಕಿಲ್ಲ."
ಚಪ್ಪಲಿ ಹಾಕಿದರೆ ಗಣೆ ಇಲ್ಲ. ಬಿಟ್ಟರೆ ಗಿಟಾರ್ ಇಲ್ಲ. ಅತ್ತ ದರಿ, ಇತ್ತ ಪುಲಿ. ನನಗೆ ನಿಲ್ಲಲು ಮರದ ಹಲಗೆ ತರುತ್ತೇನೆಂದು ಮೈಕಿನವನು ಹೇಳಿದ್ದಾನೆ. ನೋಡಬೇಕು.

ನವೆಂಬರ್ ೨, ಬೆಳಿಗ್ಗೆ
ನಿನ್ನೆ ರಾಜ್ಯೋತ್ಸವ ಮುಗಿಯಿತು. ಹಲಗೆ ತರಲಿಲ್ಲ, ಆ ಮೈಕಿನ ಪಾಪಿ. ಸ್ಟೇಜ್ ಬರೀ ಮಣ್ಣಿನ ದಿಬ್ಬ. ಧೂಳು ಏಳಬಾರದೆಂದು ನೀರು ಬೇರೆ ಚಿಮುಕಿಸಿದ್ದರು. ಚಿಕ್ಕಪ್ಪ ನನ್ನ ಕಾಲನ್ನೇ ನೋಡುತ್ತಿದ್ದ. ಬಿಟ್ಟೆ ಚಪ್ಪಲಿ. ತಂತಿ ಮುಟ್ಟಿದಾಗಲೆಲ್ಲ ಚುರ್ ಚುರ್. ಕೂಗಲಿಲ್ಲ, ಹಲ್ಲು ಕಚ್ಚಿದೆ. ಮೊಣಕಾಲು ತಾನೇ ಎಗರಿತು, ತಲೆ ಅದುರಿತು. ಆದರೆ ಗಣೆ! ತಾಳದ ಮೇಲೆ ಆ ದನಿ ಎದ್ದಾಗ ಜನ ಎದ್ದು ಕುಣಿದರು. ಅಳುವೇ ಬಂತು.
ಮುಗಿದ ಮೇಲೆ ಶಿವಕುಮಾರಪ್ಪ, "ಏನ್ ಡ್ಯಾನ್ಸ್ ಮಾಡ್ದೆ ಮಾರಾಯ!" ಎಂದ. ಗಣೆಯ ಬಗ್ಗೆ ಒಂದು ಮಾತಿಲ್ಲ.
ಚಿಕ್ಕಪ್ಪ ನನ್ನ ಕಾಲಿಗೆ ಬಿದ್ದ. ನನ್ನ ಕಾಲಿಗೆ! "ಜುಂಜಪ್ಪ ನಿನ್ ಮೈಮ್ಯಾಲೆ ಬಂದಿದ್ದ ಕಣಪ್ಪ. ಕಣ್ಣಾರೆ ಕಂಡೆ."
ಶಾಕ್ ಹೊಡೆದದ್ದು ಎಂದರೆ ಚಿಕ್ಕಪ್ಪ ಇನ್ನು ಬರುವುದಿಲ್ಲ. ನಿಜ ಹೇಳದೆ ಅವನನ್ನು ಎಬ್ಬಿಸಿ ಬಸ್ ಹತ್ತಿಸಿದೆ.

ನವೆಂಬರ್ ೧೧, ಹಟ್ಟಿಯಲ್ಲಿ
ಹಿರಿಯೂರಿನವರು ಕರೆದಿದ್ದಾರೆ. ಗಣೆ ಹಾಡೇ ಬೇಕಂತೆ. ಹೇಳೋಣವೆಂದು ಕುಣಿಯುತ್ತಾ ಬಂದರೆ ಹಟ್ಟಿಯವರೆಲ್ಲ ಕೈ ಮುಗಿದು ನಿಂತಿದ್ದಾರೆ. ಚಿಕ್ಕಪ್ಪ ಊರಿಗೆಲ್ಲ ಸಾರಿಟ್ಟಿದ್ದಾನೆ.
"ದೇವ್ರು ಬಂದ ಮೈ. ಇನ್ನು ನೀನು ಸ್ಟೇಜ್ ಹತ್ತಬಾರ್ದು. ನಾನೂ ಅಲ್ಲಿ ಊದಲ್ಲ."
ಎಂಥ ಕರ್ಮ! ಎಲ್ಲ ಸುಳ್ಳು ಎಂದು ಕಿರುಚಲು ಬಾಯಿ ತೆರೆದೆ. ಅಷ್ಟರಲ್ಲಿ ಪಕ್ಕದ ಮನೆಯ ಹುಚ್ಚಕ್ಕ ಮಗಳನ್ನು ಹೊತ್ತು ಬಂದಳು. ಮಗುವಿನ ಮೈ ಕೆಂಡ.
"ಚಿತ್ರದುರ್ಗದ ಆಸ್ಪತ್ರೆಗೆ ಹೋಗ್ಲಾ, ಬ್ಯಾಡ್ವಾ ಸ್ವಾಮಿ? ನಿನ್ ಮಾತಿಗೇ ಕಾದಿದೀನಿ."
"ಹೋಗು. ಈಗ್ಲೇ ಹೋಗು," ಎಂದೆ. ಓಡಿದಳು. ಎಲ್ಲರೂ ಅಡ್ಡಬಿದ್ದರು.
ಈಗ ಒಳಗೆ ಕೂತು ಬರೆಯುತ್ತಿದ್ದೇನೆ. ನಿಜ ಹೇಳಿದರೆ ಗಣೆ ಇಲ್ಲ, ಹೇಳದಿದ್ದರೂ ಗಣೆ ಇಲ್ಲ. ಹೇಳಿಯೇ ಬಿಡುತ್ತೇನೆ. ಆದರೆ ಬಸ್ ಇನ್ನೂ ಬಂದಿಲ್ಲ, ಹುಚ್ಚಕ್ಕ ರಸ್ತೆಯಲ್ಲೇ ಕಾಯುತ್ತಿದ್ದಾಳೆ. ಈಗ ಹೇಳಿದರೆ ಮಗುವನ್ನು ವಾಪಸು ಕರೆತಂದುಬಿಡುತ್ತಾಳೆ. ಬಸ್ ಹೊರಡಲಿ, ಆಮೇಲೆ.