ಕೆಂಪು ದಾರಿಗೆ ಒಂದು ಮತ

ನಾಂತ್ ಹೆಲಿಗ್, ವೇಲ್ಸ್
ನವೆಂಬರ್ ಕೊನೆಯ ಭಾನುವಾರ

ಪ್ರೀತಿಯ ಎಮ್ರಿಸ್,

ಹೀಗೆ ಕರೆಯಲೋ ಬೇಡವೋ ಎಂದು ಪೆನ್ನು ಹಿಡಿದು ಸ್ವಲ್ಪ ಹೊತ್ತು ಕುಳಿತಿದ್ದೆ. ಮೂರು ಚಳಿಗಾಲ ಬೇರೆ ಬೇರೆ ದೇಶದಲ್ಲಿ ಕಳೆದ ಗಂಡಹೆಂಡಿರು ಒಬ್ಬರನ್ನೊಬ್ಬರು ಏನೆಂದು ಕರೆಯಬೇಕು? ನಮ್ಮೂರಲ್ಲಿ ಕೇಳೋಣವೆಂದರೆ ಅದನ್ನು ತಿಳಿದವರು ಯಾರೂ ಇಲ್ಲ. ಬರೆದಾಯಿತು, ಇರಲಿ. ಫೋನ್ ಮಾಡಬಹುದಿತ್ತು. ಆದರೆ ನೀನು ನಡುವೆ ಬಾಯಿ ಹಾಕುತ್ತೀಯ, ನನಗೆ ಸಿಟ್ಟು ಬರುತ್ತದೆ, ಆಮೇಲೆ ಇಬ್ಬರೂ ಹವಾಮಾನದ ಮಾತಿಗೆ ಇಳಿಯುತ್ತೇವೆ. ನ್ಯೂಜಿಲೆಂಡಿನಲ್ಲಿ ಈಗ ಬಿಸಿಲು, ಇಲ್ಲಿ ಮಂಜು. ಅದು ನಮ್ಮಿಬ್ಬರಿಗೂ ಗೊತ್ತೇ ಇದೆ.

ಗುರುವಾರ ಸಂಜೆ ಊರ ಮಂಡಳಿಯಲ್ಲಿ, ಗುಡ್ಡದ ಕಾಡಿನಲ್ಲಿ ನೀನು ಸೈಕಲ್ಲಿನವರಿಗೆಂದು ಕಡಿದ ಕೆಂಪು ದಾರಿಯ ಮೇಲೆ ಮತ ನಡೆಯಿತು. ಫಲಿತಾಂಶವನ್ನು ನಿನಗೆ ತಿಳಿಸುವುದು ಕಾರ್ಯದರ್ಶಿ ಮೈರ್‌ಳ ಕೆಲಸ. ಒಂದೆರಡು ವಾರ ಸುಮ್ಮನಿರು ಮಾರಾಯ್ತಿ ಎಂದು ಅವಳನ್ನು ಬೇಡಿಕೊಂಡಿದ್ದೇನೆ. ಮೊದಲು ನನ್ನಿಂದಲೇ ನಿನಗೆ ಗೊತ್ತಾಗಲಿ.

ಅಕ್ಟೋಬರಿನ ಬಿರುಗಾಳಿ ಕಾಡನ್ನು ಏನು ಮಾಡಿತೆಂದು ನೀನು ಚಿತ್ರಗಳಲ್ಲಿ ನೋಡಿದ್ದೀಯ. ಚಿತ್ರದಲ್ಲಿ ಕಾಣುವುದು ಕಡಿಮೆ. ಗುಡ್ಡದ ಮೇಲಿನ ಅರ್ಧದಲ್ಲಿ ಮರಗಳು ಬೇರುಸಹಿತ ಅಡ್ಡಬಿದ್ದಿವೆ. ನೀನು ಕೈಯಾರೆ ಕಲ್ಲು ಜೋಡಿಸಿದ್ದ ತಿರುವುಗಳು ಹಳ್ಳದ ಪಾಲಾಗಿವೆ. ಸೈಕಲ್ಲಿನವರು ಒಳಗೆ ಹೋಗದಂತೆ ದಾರಿಯ ಬಾಯಿಗೆ ಸರಪಳಿ ಕಟ್ಟಿದ್ದಾರೆ. ಗುಡ್ಡದ ನೆತ್ತಿಯಲ್ಲಿ ವಿದ್ಯುತ್ ಮಾಡುವ ಗಾಳಿಯಂತ್ರಗಳಿಂದ ಊರಿಗೆ ಬರುವ ಹಣವನ್ನು ಈ ಸಲ ದುರಸ್ತಿಗೇ ಹಾಕಬೇಕೆಂದು ಅರ್ಧ ಊರು ಹೇಳುತ್ತದೆ. ವಯಸ್ಸಾದವರನ್ನು ಪಟ್ಟಣದ ಆಸ್ಪತ್ರೆಗೆ ಕರೆದೊಯ್ಯಲು ಒಂದು ಪುಟ್ಟ ಬಸ್ಸು ಬೇಕೆಂದು ಇನ್ನರ್ಧ. ಎರಡಕ್ಕೂ ಹಣ ಸಾಲದು. ದುರಸ್ತಿ ಮಾಡುವುದಾದರೆ ನಾನೇ ಬಂದು ಮಾಡುತ್ತೇನೆ, ಆಮೇಲೆ ಊರಲ್ಲೇ ಇರುತ್ತೇನೆ ಎಂದು ನೀನು ಮಂಡಳಿಗೆ ಬರೆದೆ. ಹೋದ ತಿಂಗಳ ಸಭೆಯಲ್ಲಿ ಮೈರ್ ಅದನ್ನು ಗಟ್ಟಿಯಾಗಿ ಓದಿದಳು. ನನಗೆ ಬರೆಯದೆ ಮಂಡಳಿಗೆ ಬರೆದೆಯಲ್ಲ, ಎಮ್ರಿಸ್! ಗಂಡ ಮನೆಗೆ ಬರುವ ಸುದ್ದಿಯನ್ನು ಅಧ್ಯಕ್ಷೆಯ ಕುರ್ಚಿಯಲ್ಲಿ ಕುಳಿತು, ಮುಖದಲ್ಲಿ ಏನೂ ತೋರಿಸಿಕೊಳ್ಳದೆ ಕೇಳಿಸಿಕೊಂಡವಳು ಈ ದೇಶದಲ್ಲಿ ನಾನೊಬ್ಬಳೇ ಇರಬೇಕು.

ಆ ದಾರಿಗೆ ಅಷ್ಟು ಹಣ ಸುರಿಯುವುದು ಸರಿಯೇ ಎಂದು ಊರೆಲ್ಲ ವಾದ ಮಾಡುತ್ತಿದ್ದಾಗ ನಾನು ತುಟಿ ಬಿಚ್ಚಲಿಲ್ಲ. ನಿನಗೆ ಮಾತ್ರ ಹೇಳುತ್ತೇನೆ. ಬಿರುಗಾಳಿಗೆ ಮೊದಲು, ಈ ಬೇಸಿಗೆಯಲ್ಲಿ, ನಾನು ಆ ದಾರಿಯಲ್ಲಿ ಸೈಕಲ್ ಹೊಡೆದೆ. ನಗಬೇಡ. ಬೆಥನ್ ತನ್ನ ಕೆಫೆಯಲ್ಲಿ ಬಾಡಿಗೆಗೆ ಇಟ್ಟಿರುವ ಒಂದು ಸೈಕಲ್ಲನ್ನು ಹೊರಗೆಳೆದು, "ಅತ್ತೆ ಮನೆಗೆ ಹೋಗೋಳ ಥರ ಮುಖ ಮಾಡ್ಬೇಡ, ಹತ್ತು" ಎಂದಳು. ಇಷ್ಟು ವರ್ಷ ನಿನ್ನ ಹೆಂಡತಿಯಾಗಿದ್ದೂ ಹತ್ತದವಳು ಅವತ್ತು ಹತ್ತಿದೆ.

ಮಳೆ ನಿಂತು ಸ್ವಲ್ಪ ಹೊತ್ತಾಗಿತ್ತು. ಮರಗಳ ನಡುವೆ ಹಬೆ ಏಳುತ್ತಿತ್ತು. ಮೊದಲ ಇಳಿಜಾರಿನಲ್ಲಿ ಬ್ರೇಕನ್ನು ಬಿಗಿಯಾಗಿ ಹಿಡಿದಿದ್ದೆ. ಆಮೇಲೆ ಯಾವಾಗ ಸಡಿಲವಾಯಿತೋ ನೆನಪಿಲ್ಲ. ನೆಲ ಮೆಲ್ಲಗೆ ಏರಿತು, ಮೆಲ್ಲಗೆ ಇಳಿಯಿತು, ಮಲಗಿರುವ ಯಾವುದೋ ದೊಡ್ಡ ಪ್ರಾಣಿಯ ಬೆನ್ನಿನ ಮೇಲೆ ಹೋಗುತ್ತಿದ್ದ ಹಾಗೆ. ಇಲ್ಲಿ ಬಿದ್ದೇಬಿಟ್ಟೆ ಎಂದು ನಾನು ಹೆದರಿದ ಕಡೆಯಲ್ಲೆಲ್ಲ ದಾರಿಯ ಹೊರ ಅಂಚು ಎದ್ದು ನನ್ನನ್ನು ಒಳಕ್ಕೆ ತಂದುಕೊಂಡಿತು. ಒಂದು ಸಲವಲ್ಲ, ಪ್ರತಿ ಸಲವೂ. ಯಾರೋ ಬಹಳ ಹಿಂದೆಯೇ ಅಲ್ಲಿ ನಿಂತು, ಇಲ್ಲಿ ಒಬ್ಬಳು ಹೆದರುತ್ತಾಳೆ ಎಂದು ಯೋಚಿಸಿ, ಆ ಭಯದ ಅಳತೆಗೆ ಸರಿಯಾಗಿ ಮಣ್ಣು ಗುಡ್ಡೆ ಹಾಕಿದ್ದರು. ಕೆಳಗೆ ಬರುವಷ್ಟರಲ್ಲಿ ಕಣ್ಣೀರು ಬಂದಿತ್ತು. ಗಾಳಿಗೆ ಎಂದು ಬೆಥನ್‌ಗೆ ಹೇಳಿದೆ. ನಾನು ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವುದಿಲ್ಲ ಎಂಬುದು ಇಷ್ಟು ವರ್ಷದಲ್ಲಿ ಒಂದು ದಿನವೂ ನಿನ್ನ ತಲೆಗೆ ಹೋಗಲಿಲ್ಲ. ಗುರುತು ಪರಿಚಯವಿಲ್ಲದವರ ಭಯ ಮಾತ್ರ ನಿನಗೆ ಇಷ್ಟು ಚೆನ್ನಾಗಿ ಗೊತ್ತಿತ್ತು. ನನಗೆ ಹೊಟ್ಟೆಕಿಚ್ಚಾಯಿತು, ಹೆಮ್ಮೆಯೂ ಆಯಿತು.

ಹಾಗಾಗಿ ನನ್ನ ಉತ್ತರ ಇದು: ಆ ದಾರಿಗೆ ಹಾಕಿದ್ದು ಒಂದು ಪೌಂಡೂ ದಂಡವಲ್ಲ.

ಮತದ ಹಿಂದಿನ ದಿನ ಬೆಳಗಿನ ಜಾವ ಒಂದು ಕನಸು ಬಿತ್ತು. ಕೆಂಪು ದಾರಿ ಗುಡ್ಡದಿಂದ ಇಳಿದು, ನಮ್ಮ ಹಿಂಬಾಗಿಲಿನಿಂದ ಒಳಗೆ ಬಂದು, ಅಡುಗೆಮನೆ ದಾಟಿ, ಮಹಡಿ ಮೆಟ್ಟಿಲು ಹತ್ತಿ ಹೋಗುತ್ತಿತ್ತು. ಸೈಕಲ್ಲಿನವರು ಒಬ್ಬರ ಹಿಂದೊಬ್ಬರು, ಸದ್ದೇ ಇಲ್ಲದೆ, ತಲೆಬಾಗಿ ನಮಸ್ಕರಿಸುತ್ತ ಹೋಗುತ್ತಿದ್ದರು. ಗುಡ್ಡದಲ್ಲಿ ಕುರಿ ಮೇಯಿಸುವ ಗ್ರಿಫ್‌ನ ಕುರಿಗಳೂ ಅದೇ ಸಾಲಿನಲ್ಲಿದ್ದವು. ಎಲ್ಲರಿಗೂ ಚಹಾ ಕೊಡುತ್ತಿದ್ದ ನಾನು ಇನ್ನೊಬ್ಬ ಬರಬೇಕಲ್ಲ ಎಂದು ಮತ್ತೆ ಮತ್ತೆ ಬಾಗಿಲ ಕಡೆ ನೋಡುತ್ತಿದ್ದೆ. ಎಚ್ಚರವಾದ ಮೇಲೂ ಮೆಟ್ಟಿಲಿನ ಮೇಲೆ ಕೆಂಪು ಮಣ್ಣಿದೆಯೇ ಎಂದು ಹೋಗಿ ನೋಡಿ ಬಂದೆ.

ಇನ್ನು ಗುರುವಾರದ ಮಾತು. ಚಾಪೆಲ್ಲಿನ ಹಿಂದಿನ ಕೋಣೆ ಕಿಕ್ಕಿರಿದಿತ್ತು. ಗ್ರಿಫ್ ಎಂದಿನಂತೆ ಹೊಲದ ಬೂಟಿನಲ್ಲೇ ಬಂದಿದ್ದ. ಅವನ ವಾದ ನಿನಗೆ ಗೊತ್ತೇ ಇದೆ, ಆದರೂ ಬರೆಯುತ್ತೇನೆ, ನೀನು ನಗಬೇಕು. "ನಮ್ ಕುರಿಗಳು ಅಜ್ಜನ ಅಜ್ಜನ ಕಾಲದಿಂದ ಈ ಗುಡ್ಡದಲ್ಲಿ ದಾರಿ ಮಾಡ್ಕೊಂಡು ಬಂದಿವೆ. ಒಂದಾದ್ರೂ ಬಿಲ್ ಕಳಿಸಿದ್ಯಾ?" ಎಂದ.

"ನಿನ್ನ ಕುರಿ ನನ್ನ ಕೆಫೆಗೆ ಬಂದು ಕಾಫಿ ಕುಡಿಯುತ್ತಾ, ಗ್ರಿಫ್? ಕೇಕ್ ತಿನ್ನುತ್ತಾ?" ಎಂದು ಬೆಥನ್ ಎದ್ದು ನಿಂತಳು. "ಸೈಕಲ್‌ನೋರು ಬರೋದು ನಿಂತ್ರೆ ನಾನು ಬೇಸಿಗೆ ತನಕ ಬಾಗಿಲು ತೆಗ್ದಿರೋದೂ ಕಷ್ಟ."

ಗ್ರಿಫ್ ಸ್ವಲ್ಪ ಮೆತ್ತಗಾದ. "ಹೋದ್ ತಿಂಗ್ಳು ನನ್ ಅಕ್ಕನ್ನ ಆಸ್ಪತ್ರೆಗೆ ಟ್ರಾಕ್ಟರ್‌ನಲ್ಲಿ ಕರ್ಕೊಂಡ್ ಹೋಗಿದೀನಿ, ಬೆಥನ್. ಅವ್ಳ ವಯಸ್ಸೆಷ್ಟು ಅಂತ ನಿಂಗೂ ಗೊತ್ತು. ಅದಕ್ಕೇನಂತೀಯ?" ಎಂದ. ಬೆಥನ್ ಮೆಲ್ಲಗೆ ಕುಳಿತಳು.

ಮಂಡಳಿಯಲ್ಲಿ ನನ್ನನ್ನು ಬಿಟ್ಟರೆ ಆರು ಜನ. ಮೂವರು ದಾರಿಯ ಕಡೆ, ಮೂವರು ಬಸ್ಸಿನ ಕಡೆ. ನಮ್ಮ ನಿಯಮ ನಿನಗೆ ನೆನಪಿರಬೇಕು: ತನ್ನ ಮನೆಯವರಿಗೆ ಲಾಭವಾಗುವ ವಿಷಯ ಬಂದರೆ ಸದಸ್ಯರು ಎದ್ದು ಹೊರಗೆ ಹೋಗಬೇಕು, ಹೊರಗೆ ಹೋದವರೇ ಎಲ್ಲರಿಗೂ ಚಹಾ ಮಾಡಬೇಕು. ನೀನು ಆ ದಾರಿ ಕಡಿಯುತ್ತಿದ್ದ ವರ್ಷಗಳಲ್ಲಿ ನಾನು ಮಾಡಿದ ಚಹಾಕ್ಕೆ ಲೆಕ್ಕವಿಲ್ಲ. ಈಗಲೂ ಕೆಲಸ ನಿನ್ನದೇ ಆಗುವುದಿತ್ತು. ನಿಯಮ ಎಂದರೆ ನಿಯಮ. ನಾನು ಎದ್ದೆ. ಗ್ರಿಫ್ ಉಪಾಧ್ಯಕ್ಷ, ನನ್ನ ಕುರ್ಚಿಗೆ ಬಂದ. ಮತ ಸಮವಾದರೆ ಆ ಕುರ್ಚಿಯಲ್ಲಿರುವವರ ಮಾತೇ ಕೊನೆ.

ಅಡುಗೆಕೋಣೆಯಲ್ಲಿ ಒದ್ದೆ ಕೋಟುಗಳ ಉಣ್ಣೆಯ ವಾಸನೆ ತುಂಬಿತ್ತು. ನೀರು ಕುದಿಯುವ ಸದ್ದಿನಲ್ಲಿ ಒಳಗಿನ ಮಾತು ಕೇಳಲಿಲ್ಲ. ಕಿಟಕಿಯಾಚೆ ಗುಡ್ಡವೇ ಇರಲಿಲ್ಲ, ಬರೀ ಮಂಜು. ಒಣದ್ರಾಕ್ಷಿ ಹಾಕಿದ ಬಾರಾ ಬ್ರಿಥ್ ರೊಟ್ಟಿಯನ್ನು ಹೋಳು ಮಾಡಿ, ಬೆಣ್ಣೆ ಸವರಿ, ತಟ್ಟೆಯಲ್ಲಿ ಜೋಡಿಸುತ್ತಿದ್ದೆ. ಆಗ ಗ್ರಿಫ್ ಬಂದು ಬಾಗಿಲಲ್ಲಿ ನಿಂತ. ಟೋಪಿ ಕೈಯಲ್ಲಿತ್ತು.

"ಬಸ್ಸಿಗೆ ಹೋಯ್ತು, ನೆಸ್ಟಾ," ಎಂದ. "ಬೇಜಾರ್ ಮಾಡ್ಕೋಬೇಡ. ನಿನ್ ಗಂಡನ ಕೆಲ್ಸ ಚೆನ್ನಾಗಿಲ್ಲ ಅಂತಲ್ಲ. ನಿನ್ ಗಂಡನಂಥ ಕೆಲ್ಸಗಾರ ಈ ಕಣಿವೇಲಿ ಇಲ್ಲ."

ನಿನ್ನ ಗಂಡ ಎಂದ. ಮೂರು ವರ್ಷದಿಂದ ಊರಿನವರು ನನ್ನೆದುರು 'ಎಮ್ರಿಸ್' ಎನ್ನುತ್ತಾರೆ, ಇಲ್ಲವೇ 'ಅವನು' ಎನ್ನುತ್ತಾರೆ, ಗಾಯವಿರುವ ಕಡೆ ಕೈ ತಾಗದಂತೆ. ಗ್ರಿಫ್‌ಗೆ ಅಂಥ ನಾಜೂಕು ಇಲ್ಲ. ಅವನ ಕೈಗೆ ಬಿಸಿ ಲೋಟ ಕೊಟ್ಟು ಬೆನ್ನು ತಿರುಗಿಸಿ ನಿಂತೆ.

ಬೆಥನ್ ಚಹಾ ಮುಟ್ಟಲಿಲ್ಲ. ಹೊರಗೆ ಹೋಗುವಾಗ "ನೀನು ಒಳಗೇ ಕೂತಿದ್ರೆ ಸಾಕಿತ್ತು" ಎಂದಳು. ನಿಯಮವಲ್ಲವೇ ಎಂದೆ. ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ಹೋದಳು.

ಈಗ ಇಲ್ಲಿ ದಾರಿಯಿಲ್ಲ, ಅದರ ಕೆಲಸವೂ ಇಲ್ಲ. ಸರಪಳಿಯಾಚೆ ಪಾಚಿ ಹತ್ತುತ್ತಿದೆ. ನಾನು ಈಗಲೂ ಭಾನುವಾರ ಅದರ ಕೆಳಗಿನ ಅರ್ಧದಲ್ಲಿ ನಡೆದು ಬರುತ್ತೇನೆ. ಮಂಜಿನಲ್ಲಿ ಮುಂದಿನ ತಿರುವು ಕಾಣುವುದಿಲ್ಲ. ಪಾದಕ್ಕೆ ಅದು ಮೊದಲೇ ತಿಳಿಯುತ್ತದೆ. ನಿನ್ನ ಮೇಲೆ ನನಗೆ ಸಿಟ್ಟಿದೆ, ಎಮ್ರಿಸ್, ಅದು ಹೋಗಿಲ್ಲ. ನೀನಿಲ್ಲದೆ ಮನೆ ಬಿಕೋ ಎನ್ನುತ್ತದೆ ಎಂಬುದೂ ಅಷ್ಟೇ ನಿಜ. ಅಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ,
ನೆಸ್ಟಾ

ತಾ.ಕ.: ಲಕೋಟೆ ಅಂಟಿಸಿದ್ದವಳು ಮತ್ತೆ ಬಿಡಿಸಿ ಇದನ್ನು ಬರೆಯುತ್ತಿದ್ದೇನೆ. ನಿಯಮ ನನ್ನನ್ನು ಹೊರಗೆ ಕಳಿಸಿತು ಎಂಬಂತೆ ಮೇಲೆ ಬರೆದಿದ್ದೇನಲ್ಲ, ಅದು ಸುಳ್ಳು. ಸಭೆಗೆ ಮೊದಲು ಮೈರ್ ನನ್ನನ್ನು ಪಕ್ಕಕ್ಕೆ ಕರೆದು, "ನೀವಿಬ್ರೂ ಈಗ ಬೇರೆ ಬೇರೆ ಅಂತ ಒಂದ್ ಮಾತು ಹೇಳ್ಬಿಡು ನೆಸ್ಟಾ, ಒಳಗೇ ಕೂತು ಮತ ಹಾಕ್ಬೋದು, ಯಾರೂ ಬೇಡ ಅನ್ನಲ್ಲ" ಎಂದಿದ್ದಳು. ಆ ಒಂದು ಮಾತು ಹೇಳಿದ್ದರೆ ನಿನ್ನ ದಾರಿ ಉಳಿಯುತ್ತಿತ್ತು. ಬೆಥನ್‌ಳ ಕೆಫೆಯೂ ಉಳಿಯುತ್ತಿತ್ತು. ನಾಳೆ ಹೋಗಿ ಅವಳಿಗೆ ನಿಜ ಹೇಳಬೇಕು, ಅವಳ ಬೈಗುಳ ತಿನ್ನಬೇಕು. ಆದರೆ ಊರೆಲ್ಲ ಕೇಳುತ್ತಿರುವಾಗ ನೀನು ನನ್ನವನಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಈ ಊರಲ್ಲಿ ಇನ್ನು ನಿನಗೆ ಕೆಲಸವಿಲ್ಲ, ಎಮ್ರಿಸ್. ಬರುವುದಾದರೆ ಬರೀ ನನಗಾಗಿ ಬರಬೇಕಾಗುತ್ತದೆ.