ಅತಿಥಿಗಳು ಬಂದ ದಿನದ ಬೆಂಚು

ಮುಖ್ಯೋಪಾಧ್ಯಾಯಿನಿಯವರಿಗೆ ನಮಸ್ಕಾರ.

ನಾಳೆ ಅತಿಥಿಗಳು ಬರುತ್ತಾರೆ, ಮಗಳಿಗೆ ಇಸ್ತ್ರಿ ಮಾಡಿದ ಬಟ್ಟೆ ಹಾಕಿ ಕಳಿಸಿ ಎಂದು ಹೇಳಿ ಕಳಿಸಿದಿರಿ. ಇಸ್ತ್ರಿ ಆಗಿದೆ. ಆದರೆ ಆಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಹೊಲಿಯಲು ಹೋದರೆ ತೋಳಿನ ಜಾಗಕ್ಕೆ ಕಾಲರ್ ಇಡುತ್ತಿದ್ದೇನೆ.

ಅವಳಿಗೆ ಕಿವಿ ಕೇಳಿಸುವುದಿಲ್ಲ, ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತಾಳೆ. ಇದು ನಿಮಗೆ ಗೊತ್ತು. ಕಳೆದ ಸಲ ಅತಿಥಿಗಳು ಬಂದಾಗ ಅವಳನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದಿರಿ. ಫೋಟೋ ತೆಗೆಸಿ, 'ಇಲ್ಲಿ ಎಲ್ಲರೂ ಸಮಾನರು' ಎಂದು ಬರೆಸಿ ಗೇಟಿಗೆ ಹಾಕಿದಿರಿ. ಮಾರನೆಯ ದಿನ ಅವಳು ಮತ್ತೆ ಕೊನೆಯ ಬೆಂಚಿಗೆ ಹೋದಳು. ಯಾಕೆಂದು ಕ್ಲಾಸ್ ಟೀಚರನ್ನು ಕೇಳಿದೆ. "ಒಬ್ಬಳಿಗೋಸ್ಕರ ಎಲ್ಲರನ್ನೂ ಎಬ್ಬಿಸೋಕಾಗುತ್ತೇನ್ರೀ?" ಅಂದರು.

ಜಗಳಕ್ಕೆಂದು ಬರೆಯುತ್ತಿಲ್ಲ. ಅತಿಥಿಗಳು ಹೋದ ಮೇಲೂ ಅವಳನ್ನು ಮುಂದೆಯೇ ಕೂರಲು ಬಿಡಿ. ಬೋರ್ಡಿನ ಕಡೆ ತಿರುಗಿಕೊಂಡು ಪಾಠ ಮಾಡಬೇಡಿ ಎಂದು ಟೀಚರಿಗೆ ತಿಳಿಸಿ. ಇಷ್ಟೇ.

ಬಟ್ಟೆ ಮಡಚುವಾಗ ಮಗಳು ಕುಣಿಯುತ್ತಿದ್ದಳು. ಏನೇ ಇಷ್ಟು ಸಂಭ್ರಮ ಅಂದೆ. "ನಾಳೆ ಪಾಠ ಪೂರ್ತಿ ಗೊತ್ತಾಗುತ್ತಲ್ಲಮ್ಮಾ! ಅತಿಥಿಗಳು ದಿನಾ ಯಾಕೆ ಬರಲ್ಲ?" ಅಂದಳು.

ಇದಕ್ಕೆ ಉತ್ತರ ನೀವೇ ಹೇಳಿ. ಅವಳ ಕಡೆ ಮುಖ ಮಾಡಿ ಹೇಳಿ.

ಇಂತಿ,
ನಿಮ್ಮ ಗೇಟಿನ ಫೋಟೋದಲ್ಲಿ ನಗುತ್ತಿರುವವಳ ಅಮ್ಮ