ಮಾವನೋರ ಪ್ಲಾಸ್ಟಿಕ್ ಮೀನು

ಜೀವನ್ ಬಿಮಾ ನಗರ
೨೦-೪-೯೭, ಭಾನುವಾರ

ಅಣ್ಣಾ,

ಸುಸ್ತಾಗಿದೀನಿ, ಆದರೂ ಇವತ್ತಿನದನ್ನ ನಿನಗೆ ಹೇಳಲೇಬೇಕು. ನಮ್ಮ ಮಾವನೋರು ಗಾಳಕ್ಕೆ ಎರೆಹುಳ ಕಟ್ಟಲ್ಲ, ಪ್ಲಾಸ್ಟಿಕ್ ಮೀನು ಕಟ್ತಾರೆ. ಡಬ್ಬಿ ತುಂಬಾ ಇವೆ. ಬೆಳಿಗ್ಗೆ ಎಲ್ಲಾನೂ ಊಟದ ಟೇಬಲ್ ಮೇಲೆ ಹರಡಿ, "ಬಾಯಿ ಮುಂದಿನ ಪಟ್ಟಿ ಉದ್ದ ಇರೋದು ಆಳಕ್ಕೆ ಮುಳುಗುತ್ತೆ, ಗಿಡ್ಡ ಇರೋದು ಮೇಲೇ ಈಜುತ್ತೆ. ಯಾವುದು ತಗೊಂಡು ಹೋಗ್ಲಿ ಹೇಳಮ್ಮ" ಅಂದರು. ಬೇಸಿಗೆ, ಕೆರೇಲಿ ನೀರು ಕಮ್ಮಿ, ಮುಳುಗಿದರೆ ಜೊಂಡಿಗೆ ಸಿಕ್ಕಿಕೊಳ್ಳುತ್ತೆ ಅಂತ ಗಿಡ್ಡ ಪಟ್ಟಿಯ ಹಳದಿ ಮೀನು ಆರಿಸಿಕೊಟ್ಟೆ. ಆಮೇಲೆ ಮೀನು ಸಾರಿಗೆ ಅಂತ ಅಮ್ಮನ ಥರಾನೇ ಒರಳಲ್ಲಿ ಮಸಾಲೆ ರುಬ್ಬಿ, ಹುಣಸೆಹಣ್ಣು ಕಿವುಚಿ, ಮುದ್ದೆಗೆ ಎಸರಿಟ್ಟು ಕಾದೆ.

ಸಂಜೆ ನಗ್ತಾ ಬಂದರು. "ಮೊಳದುದ್ದ ಕೊರಮೀನು ಬಿತ್ತಮ್ಮ, ನೀನು ಕೊಟ್ಟಿದ್ದಕ್ಕೇ!" ಕೈ ನೋಡಿದರೆ ಖಾಲಿ. ಫೋಟೋ ತೆಗೆದು ವಾಪಸ್ ನೀರಿಗೇ ಬಿಟ್ಟರಂತೆ. ಅವರ ಮೀನು ಹಿಡಿಯೋ ಕ್ಲಬ್ಬಲ್ಲಿ ಅದೇ ಪದ್ಧತಿಯಂತೆ.

ಆ ಮಸಾಲೆಗೆ ಬದನೆಕಾಯಿ ಹಾಕಿದೆ. ಖಾರ ರುಬ್ಬಿ ಕೈ ಇನ್ನೂ ಉರೀತಿದೆ, ಬೇರೆ ಏನೂ ತೊಂದರೆ ಇಲ್ಲ. ನನ್ನ ಕರ್ಕೊಂಡು ಹೋಗೋಕೆ ಬರ್ತೀಯಲ್ಲ, ಆಗ ನಮ್ಮ ಕೆರೆ ಮೀನು ತಾ. ಕೊಯ್ದು ತೊಳೆದೇ ತಾ, ಜೀವ ಇದ್ದರೆ ಮಾವನೋರು ಹಲಸೂರು ಕೆರೆಗೆ ಬಿಟ್ಟುಬಂದಾರು.

ನಿನ್ನ ಧನು